ಬೇಟೆಗಾರ ಭಾವನ ಕೋಲುಜೇನು

ಇದರಲ್ಲಿರುವ ಪ್ರತಿಯೊಂದು ಮಾತೂ ಸತ್ಯ. ಬೇಕಾದರೆ ನನ್ನ ರೆಸಿಡೆಂಟ್ ಕಾರ್ಡ್ ಮುಟ್ಟಿ ಆಣೆ ಹಾಕುತ್ತೇನೆ. ಮಸ್ಕತ್ತಿನಲ್ಲಿ ದುಡಿಯುವವನು ಆ ಕಾರ್ಡ್ ಮುಟ್ಟಿ ಸುಳ್ಳು ಹೇಳುವುದಿಲ್ಲ; ಹೇಳಿದರೆ ಮುಂದಿನ ಸಲ ರಿನ್ಯೂ ಆಗಲಿಕ್ಕಿಲ್ಲ ಎಂಬ ಹೆದರಿಕೆ ಇರುತ್ತದೆ.

ನನಗೆ ಇಂಥದ್ದು ಆಗುತ್ತಲೇ ಇರುತ್ತದೆ. ಬೇರೆಯವರು ಶುಕ್ರವಾರದ ರಜೆಗೆ ಮೀನುಸಾರು ಉಂಡು ಮಲಗುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ನಾನು ಮಲಗುವುದಿಲ್ಲ, ಹಾಗಾಗಿ ಆಗುತ್ತದೆ. ಕೂತಲ್ಲಿ ಕೂರುವ ಅಂಗವನ್ನು ದೇವರು ನನಗೆ ಕೊಡಲಿಲ್ಲ. ಕೂತರೆ ಮೊಣಕಾಲು ಕುಣಿಯುತ್ತದೆ, ಮೊಣಕಾಲು ಹಿಡಿದುಕೊಂಡರೆ ಬೆರಳು ತಾಳ ಹಾಕುತ್ತದೆ, ಬೆರಳು ಮಡಚಿದರೆ ಹುಬ್ಬು ಹಾರುತ್ತದೆ. ಮಸ್ಕತ್ತಿನ ಹಮ್ರಿಯಾದಲ್ಲಿ ನಮ್ಮ ಫ್ಲಾಟಿನ ಕೆಳಗಿನ ಕ್ಷೌರದವನು ನನ್ನನ್ನು ಕಂಡ ಕೂಡಲೇ ಪಕ್ಕದ ಅಂಗಡಿಯವನನ್ನು ಕೂಗುತ್ತಾನೆ. ಕತ್ತರಿಸಲಿಕ್ಕೆ ಒಬ್ಬ, ತಲೆ ಹಿಡಿದುಕೊಳ್ಳಲಿಕ್ಕೆ ಇನ್ನೊಬ್ಬ.

ಇಂಥ ನಾನು, ಅಲ್ಲಾಡದೆ ಕೂರುವುದೇ ಬಂಡವಾಳವಾದ ಜೇನುಬೇಟೆಯಲ್ಲಿ, ಒಮಾನಿನ ಬೆಟ್ಟಗಳ ಒಳಗೆ, ಮೊದಲ ಸಲ ಗೆದ್ದು ಬಂದ ಕಥೆ ಇದು. ಮೊದಲ ಸಲ ಎಂದದ್ದು ನಮ್ಮ ನಿಮ್ಮೊಳಗೇ ಇರಲಿ. ಹೆಂಡತಿಯ ತವರಿನವರ ಪ್ರಕಾರ ನಾನು ಆಗಲೇ ಹಳೇ ಬೇಟೆಗಾರ.

ಒಂದು ಬಾಟಲಿ, ಒಂದು ಚಿರತೆ

ಆ ತವರು ಇರುವುದು ಪುತ್ತೂರಿನ ಹತ್ತಿರ. ಅಲ್ಲಿಗೆ ಮೂವರು ಅಳಿಯಂದಿರು. ನಾದಿನಿಯರ ಗಂಡಂದಿರು, ಅಂದರೆ ನನ್ನ ಷಡ್ಡಕರು, ಒಬ್ಬ ಡಾಕ್ಟರ್, ಒಬ್ಬ ಬ್ಯಾಂಕ್ ಮ್ಯಾನೇಜರ್. ನಾನು ಅಲ್ ಖುವೈರಿನ ಒಂದು ಕಂಪನಿಯಲ್ಲಿ ಏಸಿಯ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವವನು. ಊಟಕ್ಕೆ ಕೂತಾಗ ಅತ್ತೆ ಡಾಕ್ಟರಿಗೆ ತಮ್ಮ ಮೊಣಕಾಲು ತೋರಿಸುತ್ತಿದ್ದರು, ಮ್ಯಾನೇಜರ್ ಹತ್ತಿರ ಠೇವಣಿ ವಿಚಾರಿಸುತ್ತಿದ್ದರು, ಕೊನೆಗೆ ನನ್ನ ಕಡೆ ತಿರುಗಿ, "ಅಲ್ಲಿ ಸೆಕೆ ಉಂಟಾ?" ಎಂದು ಕೇಳುತ್ತಿದ್ದರು. ಕೋಳಿಯ ಕಾಲು ಒಂದು ಡಾಕ್ಟರಿಗೆ, ಒಂದು ಮ್ಯಾನೇಜರಿಗೆ. ಕೋಳಿಗೆ ಮೂರನೇ ಕಾಲು ಇಲ್ಲದ್ದು ನನ್ನ ಕರ್ಮ.

ಒಂದು ರಜೆಯಲ್ಲಿ ಮಸ್ಕತ್ತಿನ ಹಳೇ ಪೇಟೆ ಮತ್ರಾ ಸೂಕ್‌ನಿಂದ ಒಂದು ಬಾಟಲಿ ಬೆಟ್ಟದ ಜೇನು ಒಯ್ದಿದ್ದೆ. ಶರಬತ್ತಿನ ಹಳೇ ಗಾಜಿನ ಬಾಟಲಿ, ಲೇಬಲ್ ಇಲ್ಲ, ಒಳಗೆ ಕಪ್ಪಗೆ ಮಿನುಗುವ ಜೇನು. ಹೆಂಡತಿಯ ಅಣ್ಣ, ನನ್ನ ಭಾವ, ಮನೆಯ ಸುತ್ತ ಪೆಟ್ಟಿಗೆ ಇಟ್ಟು ಜೇನು ಸಾಕುವವರು. ಸುತ್ತಿನ ಊರುಗಳಲ್ಲಿ ಜೇನಿನ ವಿಷಯಕ್ಕೆ ಅವರ ಮಾತೇ ಕೊನೆ. ಬೆರಳು ಅದ್ದಿ ನೆಕ್ಕಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದರು.

"ಕೋಲುಜೇನು. ಒರಿಜಿನಲ್. ಅಂಗೈಯಷ್ಟು ಒಂದೇ ಮೇಣದ ಎರಿ ಕಟ್ಟುವ ಹುಳ ಇದು, ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಕಾಡುಮೇಡು ಸುತ್ತಿ ಹುಡುಕಿಯೇ ತೆಗೆಯಬೇಕು. ಯಾರು ತೆಗೆದದ್ದು ಭಾವ?"

ಡಾಕ್ಟರ್ ಷಡ್ಡಕ ನಕ್ಕ. "ಎಂತ ಕೇಳ್ತೀರಿ ಮಾರಾಯ್ರೆ! ಗಲ್ಫಿನವರಿಗೆ ಗೊತ್ತಿರುವುದು ಪರ್ಸ್ ತೆಗೀಲಿಕ್ಕೆ ಮಾತ್ರ."

ನಾನು ಏನೂ ಹೇಳಲಿಲ್ಲ. ಹೇಳಿದ್ದು ನನ್ನ ಬಾಯಿ. ಅದು "ನಾನೇ" ಎಂದಿತು.

ಅತ್ತೆ ಬಡಿಸುವ ಸೌಟು ಹಿಡಿದುಕೊಂಡು ನಿಂತರು. ಆಮೇಲೆ ಮ್ಯಾನೇಜರನ ಬಟ್ಟಲಿಗೆ ಹೊರಟಿದ್ದ ಕೋಳಿಯ ಕಾಲು ದಾರಿ ಬದಲಿಸಿ ನನ್ನ ಬಟ್ಟಲಿಗೆ ಬಂದು ಬಿತ್ತು. ಅವತ್ತಿನಿಂದ ಆ ಮನೆಯಲ್ಲಿ ನಾನು "ಬೇಟೆಗಾರ ಭಾವ". ಪ್ರತಿ ರಜೆಗೆ ಒಂದು ಬಾಟಲಿ, ಬಾಟಲಿಗೊಂದು ಕಥೆ. ಬೆಟ್ಟ ವರ್ಷದಿಂದ ವರ್ಷಕ್ಕೆ ಎತ್ತರ ಬೆಳೆಯಿತು. ಒಂದು ವರ್ಷ ಹಾವು ಬಂತು, ಮತ್ತೊಂದು ವರ್ಷ ಚಿರತೆ. ಅತ್ತೆ ಬೆಳಿಗ್ಗೆ ಎದ್ದು ಒಂದು ಚಮಚ ಆ ಜೇನು ನೆಕ್ಕಿಯೇ ಚಹಾ ಕುಡಿಯುವುದು.

ನಿಜವಾದ ಬೇಟೆ ನಡೆಯುತ್ತಿದ್ದದ್ದು ಮತ್ರಾದ ಓಣಿಯಲ್ಲಿ, ಲೋಬಾನದ ಅಂಗಡಿ ದಾಟಿ ಎಡಕ್ಕೆ. ಅಲ್ಲಿನ ಜೇನಿನ ಮುದುಕನ ಹತ್ತಿರ ಚೌಕಾಶಿ ಮಾಡಿದವರು ಯಾರೂ ಚಿರತೆಯನ್ನು ಉತ್ಪ್ರೇಕ್ಷೆ ಎನ್ನಲಾರರು.

ಮಣಿಸರ

ಕಳೆದ ಚಳಿಗಾಲದ ಸುರುವಿನಲ್ಲಿ ಭಾವನ ಫೋನ್ ಬಂತು.

"ಭಾವ, ವೀಸಾ ಆಯ್ತು, ಟಿಕೇಟೂ ಆಯ್ತು. ನನಗೆ ಮಾಲ್ ಗೀಲ್ ಎಂತದೂ ನೋಡ್ಲಿಕ್ಕಿಲ್ಲ. ನಿಮ್ಮ ಜೊತೆ ಒಂದು ಬೇಟೆ, ಅಷ್ಟೇ. ಅಮ್ಮನಿಗೆ ಆ ಜಾಗದ ಫೋಟೋ ಬೇಕಂತೆ."

ಫೋನ್ ಇಟ್ಟೆ. ಮೊಣಕಾಲು ಎರಡೂ ಒಟ್ಟಿಗೆ ಕುಣಿಯಲು ಸುರು ಮಾಡಿದವು. ಹೆಂಡತಿ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಜೇನು ಹೇಗಾದರೂ ಸಿಕ್ಕೀತು. ಚಿರತೆಯನ್ನು ಎಲ್ಲಿಂದ ತರಿಸ್ತೀರಿ?"

ನೀವು ನಗಬಹುದು. ನನಗೆ ನಗು ಬರಲಿಲ್ಲ. ಈ ಭಾವ ಬರಿಗೈಯಲ್ಲಿ ಹಿಂದೆ ಹೋದರೆ ನಾನು ಮತ್ತೆ ಸೆಕೆಯ ಸಮಾಚಾರ ಹೇಳುವ ಅಳಿಯ, ಜೀವಮಾನವಿಡೀ ಕೋಳಿಯ ಕುತ್ತಿಗೆ.

ನಮ್ಮ ಕಂಪನಿಯಲ್ಲಿ ಒಬ್ಬ ಮಂದೂಬ್ ಇದ್ದಾನೆ. ಮಂದೂಬ್ ಎಂದರೆ ವೀಸಾ, ಪರವಾನಗಿ ಎಂದು ಸರ್ಕಾರಿ ಕಚೇರಿಗಳಿಗೆ ಓಡಾಡುವ ಒಮಾನಿ ನೌಕರ. ಇವನ ಊರು ರುಸ್ತಾಖ್ ಕಡೆಯ ಬೆಟ್ಟಗಳ ಒಳಗೆ, ಮನೆಯವರೆಲ್ಲ ತಲೆಮಾರಿನಿಂದ ಕೋಲುಜೇನು ಹುಡುಕುವವರು. ನನ್ನ ಹತ್ತಿರ ಹಿಂದಿಗೆ ಅರಬ್ಬಿ ಬೆರೆಸಿ ಮಾತಾಡುತ್ತಾನೆ. ಕಷ್ಟ ಹೇಳಿಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕು, ಶುಕ್ರವಾರವೇ ತನ್ನ ಊರಿನ ವಾದಿಗೆ, ಅಂದರೆ ಬೆಟ್ಟದ ನಡುವಿನ ಹಳ್ಳಕ್ಕೆ, ಕರೆದೊಯ್ದ.

"ಹುಳ ಇಲ್ಲಿ ನೀರು ಕುಡೀಲಿಕ್ಕೆ ಬರ್ತದೆ," ಎಂದ. "ಕುಡಿದು ಎದ್ದು ನೇರ ಮನೆಗೆ ಹೋಗ್ತದೆ. ಬಿಸಿಲಿಗೆ ಎದುರಾಗಿ ಕೂತರೆ ರೆಕ್ಕೆ ಹೊಳೆಯುವುದು ಕಾಣ್ತದೆ. ಕಣ್ಣಲ್ಲೇ ಹಿಂದೆ ಹೋಗಬೇಕು. ಒಂದೇ ಕೆಲಸ: ಸಬರ್."

ಸಬರ್ ಎಂದರೆ ತಾಳ್ಮೆ. ಕೂತೆ. ಮೊದಲ ಹುಳ ಬಂದಾಗ ಶೂ ಲೇಸ್ ಬಿಚ್ಚಿದ್ದು ನೆನಪಾಯಿತು. ಎರಡನೆಯದು ಬಂದಾಗ ಬೆನ್ನು ತುರಿಸಿತು. ಮೂರನೆಯದು ಬಂದಾಗ ನನಗೇ ತಿಳಿಯದಂತೆ ನೀರಿಗೆ ಕಲ್ಲು ಎಸೆದಿದ್ದೆ. ಮಂದೂಬ್ ಪಾಪ ಬಹಳ ಹೊತ್ತು ಸಹಿಸಿಕೊಂಡ. ಆಮೇಲೆ ಕಿಸೆಯಿಂದ ತನ್ನ ಜಪದ ಮಣಿಸರ ತೆಗೆದು ನನ್ನ ಕೈಗಿಟ್ಟ. "ಇದನ್ನು ಮೆಲ್ಲ ಮೆಲ್ಲ ತಿರುಗಿಸು. ಮನಸ್ಸು ನಿಲ್ಲುತ್ತದೆ."

ಮನಸ್ಸು ನಿಂತಿತ್ತೋ ಏನೋ, ದಾರ ನಿಲ್ಲಲಿಲ್ಲ. ಮಣಿಗಳು ಹಳ್ಳದ ಕಲ್ಲಿನ ನಡುವೆ ನಾಲ್ಕು ದಿಕ್ಕಿಗೆ ಉರುಳಿದವು. ಆಮೇಲಿನ ಇಡೀ ದಿನ ನಾವಿಬ್ಬರೂ ಮಂಡಿಯೂರಿ ಹುಡುಕಿದ್ದು ಜೇನನ್ನಲ್ಲ. ಕೊನೆಗೆ ಒಂದು ಮಣಿ ಸಿಗಲೇ ಇಲ್ಲ.

"ಆ ಮೇಕೆ ನುಂಗಿರಬೇಕು," ಎಂದೆ, ದಡದಲ್ಲಿ ನಿಂತಿದ್ದ ಮೇಕೆಯನ್ನು ತೋರಿಸಿ.

ಮಂದೂಬ್ ಮೇಕೆಯನ್ನು ನೋಡಿದ, ನನ್ನನ್ನು ನೋಡಿದ. "ಆ ಮೇಕೆ ಬೆಳಗಿನಿಂದ ನಿಂತಲ್ಲೇ ನಿಂತಿದೆ, ಕಿವಿ ಸಹ ಅಲ್ಲಾಡಿಸಿಲ್ಲ. ಮುಂದಿನ ವಾರ ಬೇಟೆಗೆ ಅದನ್ನೇ ಕರ್ಕೊಂಡು ಬರ್ತೇನೆ. ನೀನು ಮನೆಯಲ್ಲಿರು."

ಮೀಟಿಂಗಿನ ನೊಣ

ಹಾಗಾದರೆ ಅಭ್ಯಾಸ ಮಾಡುವ ಎಂದು ತೀರ್ಮಾನಿಸಿದೆ. ಹಾರುವ ಹುಳವನ್ನು ಕಣ್ಣಲ್ಲೇ ಹಿಂಬಾಲಿಸುವ ಅಭ್ಯಾಸ. ಆಫೀಸಿನಲ್ಲಿ ಜೇನು ಎಲ್ಲಿಂದ ಬರಬೇಕು, ನೊಣ ಇತ್ತು.

ಆ ವಾರವೇ ನಮ್ಮ ಕಂಪನಿಯ ಮ್ಯಾನೇಜರ್ ಎಲ್ಲರನ್ನೂ ಮೀಟಿಂಗಿಗೆ ಕರೆದಿದ್ದರು. ಸಿಟ್ಟಿನ ಮನುಷ್ಯ, ಅವರ ಮಾತಿಗೆ ಎದುರು ಹೇಳಿದವರು ಆ ಕಟ್ಟಡದಲ್ಲಿ ಯಾರೂ ಇಲ್ಲ. ಮುಂದಿನ ತಿಂಗಳಿನಿಂದ ರಜೆ ಶುಕ್ರವಾರ ಮಾತ್ರ, ಶನಿವಾರವೂ ಕೆಲಸ ಎಂದು ವಿವರಿಸುತ್ತಿದ್ದರು. ಅಷ್ಟರಲ್ಲಿ ನೊಣವೊಂದು ಬಂದು ಅವರ ತಲೆಯ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾರಾಡತೊಡಗಿತು. ಇದಕ್ಕಿಂತ ಒಳ್ಳೆಯ ಗುರು ಸಿಗಲಿಕ್ಕಿಲ್ಲ ಎಂದು ನಾನು ಹಿಂಬಾಲಿಸಿದೆ. ಎಡಕ್ಕೆ. ಬಲಕ್ಕೆ. ಎಡಕ್ಕೆ. ಬಲಕ್ಕೆ.

ಮ್ಯಾನೇಜರ್ ಮಾತು ನಿಲ್ಲಿಸಿದರು. "ಯಾಕೆ? ನಿಮಗೆ ಒಪ್ಪಿಗೆ ಇಲ್ಲವಾ?"

ನೊಣ ಜೋರಾಗಿ ಎಡಕ್ಕೂ ಬಲಕ್ಕೂ ಹಾರಿತು. ನಾನೂ ಜೋರಾಗಿ.

"ಕಾನೂನಿನ ಪ್ರಕಾರ ತೊಂದರೆ ಅಂತೀರಾ?"

ನೊಣ ಏಸಿಯ ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಸುತ್ತಿತು. ನನ್ನ ತಲೆ ಮೇಲೆ ಕೆಳಗೆ ಆಡಿತು.

ಮ್ಯಾನೇಜರ್ ಹಣೆಯೊರೆಸಿಕೊಂಡರು. "ಸರಿ ಸರಿ, ಖಲಾಸ್. ಶನಿವಾರದ ವಿಷಯ ಬಿಟ್ಟುಬಿಡುವ."

ಹೊರಗೆ ಬಂದ ಮೇಲೆ ಎಲ್ಲರೂ ಬಂದು ಕೈ ಕುಲುಕಿದರು. ಇಷ್ಟು ವರ್ಷ ಸ್ಟೋರಿನಲ್ಲಿ ಒಬ್ಬ ಹುಲಿ ಕೂತದ್ದು ಗೊತ್ತೇ ಇರಲಿಲ್ಲ ಎಂದರು. ಮಂದೂಬ್ ಒಬ್ಬ ಮಾತ್ರ ಹತ್ತಿರ ಬಂದು ಕಿವಿಯಲ್ಲಿ ಕೇಳಿದ: "ಕೊನೆಗೆ ನೊಣ ಎಲ್ಲಿಗೆ ಹೋಯಿತು?"

ಗೊತ್ತಿರಲಿಲ್ಲ. ಅದೂ ತಪ್ಪಿಸಿಕೊಂಡಿತ್ತು.

ಹೊಗೆ ಕಂಡು ಬಂದವರು

ಭಾವ ಬಂದಿಳಿದರು. ಏರ್‌ಪೋರ್ಟಿನ ಬಾಗಿಲಲ್ಲಿ ನನ್ನನ್ನು ಅಪ್ಪಿಕೊಳ್ಳುವ ಮೊದಲೇ ಪೆಟ್ಟಿಗೆ ತೆರೆದು ತೋರಿಸಿದರು: ಮುಖಕ್ಕೆ ಹಾಕುವ ಬಲೆಯ ಪರದೆ, ಹೊಗೆ ಊದುವ ತಿದಿ, ತೆಂಗಿನ ನಾರು ಒಂದು ಕಟ್ಟು.

"ನಾರು ಇಲ್ಲಿಯೂ ಸಿಗ್ತಿತ್ತಲ್ಲ ಭಾವ."

"ಸಿಗಬಹುದು. ಆದರೆ ನಮ್ಮ ಹೊಗೆಯ ಪರಿಮಳ ಬರ್ತದಾ?"

ಶುಕ್ರವಾರ ಮಂದೂಬ್, ಭಾವ, ನಾನು ಅದೇ ವಾದಿಗೆ ಹೋದೆವು. ಮಂದೂಬ್ ಮೇಕೆ ತಂದಿರಲಿಲ್ಲ, ಅದು ಅವನ ದೊಡ್ಡತನ. ಭಾವ ಹಳ್ಳದ ಒಳಗೆ ಇಳಿದವರೇ ಪರದೆ ಹಾಕಿಕೊಂಡು ತಿದಿ ಹಚ್ಚಿದರು. ಮಂದೂಬ್ ಬೇಡ ಬೇಡ ಎಂದ. ಅವನು ಹಿಂದಿಯಲ್ಲಿ ಬೇಡ ಎಂದದ್ದನ್ನು ಭಾವ ಮೆಚ್ಚುಗೆ ಎಂದು ತಿಳಿದುಕೊಂಡು ಇನ್ನಷ್ಟು ನಾರು ತುಂಬಿದರು. ಗಾಳಿಯಿಲ್ಲದ ಕಣಿವೆ. ಹೊಗೆ ಕಂಬದ ಹಾಗೆ ನೆಟ್ಟಗೆ ಮೇಲೆದ್ದು ನಿಂತಿತು.

ಅರ್ಧ ಚಹಾ ಕುಡಿಯುವಷ್ಟು ಹೊತ್ತಿಗೆ ಮೇಲಿನ ದಾರಿಯಲ್ಲಿ ಪಿಕಪ್ಪುಗಳ ಧೂಳು. ಖರ್ಜೂರದ ತೋಟಕ್ಕೆ ಬೆಂಕಿ ಬಿತ್ತೆಂದು ಊರಿಗೆ ಊರೇ ನೀರಿನ ಕ್ಯಾನ್ ಹಿಡಿದು ಇಳಿದು ಬಂತು. ಮುಂದೆ ಕೋಲೂರಿಕೊಂಡು ಬಿಳಿಗಡ್ಡದ ಹಿರಿಯರು, ಎದುರಿಗೆ ಮುಖಪರದೆಯೊಳಗೆ ನಮ್ಮ ಭಾವ. ಬೈಸಿಕೊಳ್ಳಲಿಕ್ಕೆ ತಯಾರಾಗಿ ನಾನು ಮಂದೂಬನ ಹಿಂದೆ ನಿಂತೆ.

ಹಿರಿಯರು ತಿದಿಯನ್ನು ನೋಡಿದರು, ಭಾವನನ್ನು ನೋಡಿದರು, ಮಂದೂಬ್ ಹೇಳಿದ್ದನ್ನು ಪೂರ್ತಿ ಕೇಳಿದರು. "ಅತಿಥಿಗಳಾ? ಯಲ್ಲಾ, ಮನೆಗೆ ನಡೀರಿ," ಎಂದರು.

ಬೇಟೆ ಅಲ್ಲಿಗೆ ಮುಗಿಯಿತು, ಕಾಫಿ ಸುರುವಾಯಿತು. ಹಾಲಿಲ್ಲದ, ಏಲಕ್ಕಿಯ ಕಾಫಿ. ಹಿಡಿ ಇಲ್ಲದ ಸಣ್ಣ ಕಪ್ಪು. ಆ ಊರಿನ ರಿವಾಜು ಏನೆಂದರೆ, ಸಾಕಾದಾಗ ಕಪ್ಪನ್ನು ಆಚೆ ಈಚೆ ಅಲ್ಲಾಡಿಸಿ ಕೊಡಬೇಕು. ಅಲ್ಲಾಡಿಸದಿದ್ದರೆ ತುಂಬಿಸುತ್ತಲೇ ಇರುತ್ತಾರೆ. ಭಾವನಿಗೆ ಇದು ಗೊತ್ತಿಲ್ಲ. ಮರ್ಯಾದಸ್ಥರು, ಕೊಟ್ಟದ್ದನ್ನೆಲ್ಲ ಕುಡಿದು ಕಪ್ಪನ್ನು ನೆಟ್ಟಗೆ ಚಾಚುತ್ತಿದ್ದರು, ಅವರು ತುಂಬಿಸುತ್ತಿದ್ದರು. ನನಗೆ ರಿವಾಜು ಚೆನ್ನಾಗಿ ಗೊತ್ತು, ಆದರೆ ನನ್ನ ಕೈ ಹುಟ್ಟಿದಂದಿನಿಂದ ಅಲ್ಲಾಡುವಂಥದ್ದು. ಒಂದು ಗುಟುಕು ಬಾಯಿಗೆ ಹೋಗುವಷ್ಟರಲ್ಲಿ ಇವರಿಗೆ ಸಾಕಾಯಿತು ಎಂದು ಕಪ್ಪು ಒಯ್ದೇಬಿಟ್ಟರು.

ಹಲ್ವಾ, ಖರ್ಜೂರ, ಆಮೇಲೆ ದೊಡ್ಡ ಹರಿವಾಣದಲ್ಲಿ ಅನ್ನ, ಮಾಂಸ. ಹೊರಡುವಾಗ ಭಾವ ನನ್ನನ್ನು ಬದಿಗೆ ಎಳೆದರು.

"ಅಲ್ಲ ಭಾವ, ನೀವು ವರ್ಷಾ ವರ್ಷ ಇಲ್ಲಿಗೇ ಬರುವುದಲ್ಲವಾ? ಈ ಊರಿನವರಿಗೆ ನಿಮ್ಮ ಗುರುತೇ ಇಲ್ಲವಲ್ಲ!"

ಕೂಡಲೇ ಹೇಳಿದೆ: "ಬಂದದ್ದು ಹೋದದ್ದು ಒಬ್ಬನಿಗೂ ಗೊತ್ತಾಗಬಾರದು ಭಾವ. ಅದಕ್ಕೇ ಬೇಟೆ ಅನ್ನುವುದು."

ಭಾವ ತಲೆಯಾಡಿಸಿದರು. ಆದರೆ ನಿಲ್ಲಿಸದೆ ಆಡಿಸುತ್ತಲೇ ಇದ್ದರು. ಕಾಫಿ ತನ್ನ ಕೆಲಸ ಸುರು ಮಾಡಿತ್ತು. ಮಸ್ಕತ್ತಿನ ತನಕ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮ ನಾಲ್ಕು ಮೊಣಕಾಲುಗಳೂ ಒಟ್ಟಿಗೆ ಕುಣಿದವು. ಬಾಗಿಲು ತೆರೆದ ಹೆಂಡತಿ, ಅಣ್ಣ ನಿಂತಲ್ಲೇ ಕಾಲು ಬದಲಿಸುತ್ತ ಬೆರಳಿನಲ್ಲಿ ತಾಳ ಹಾಕುವುದನ್ನು ಕಂಡು ಹಣೆ ಚಚ್ಚಿಕೊಂಡಳು.

"ದೇವರೇ, ಒಂದನ್ನೇ ಸುಧಾರಿಸ್ಲಿಕ್ಕೆ ಆಗುವುದಿಲ್ಲ!"

ಬೆಲ್ಲನೀರು

ಭಾವ ಹಿಂದೆ ಹೋಗುವ ಮೊದಲಿನ ಕೊನೆಯ ಶುಕ್ರವಾರ. ಈ ಸಲ ಹೆಂಡತಿಯೂ ಹೊರಟಳು. ಗಂಡಸರ ಬೇಟೆಗೆ ನೀನೆಂತಕ್ಕೆ ಎಂದೆ. "ನಿಮ್ಮ ಬೇಟೆ ನೀವು ಮಾಡಿ. ಬಿಸಿಲಿಗೆ ಹೋಗುವವರಿಗೆ ಬೆಲ್ಲನೀರು ಕೊಡುವವರು ಯಾರು?" ಎಂದಳು.

ನಮ್ಮ ಕಡೆ ಬಿಸಿಲಿನಿಂದ ಬಂದವರು ಯಾರೇ ಆಗಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಆಮೇಲೆ ಮಾತು. ನನ್ನ ಹೆಂಡತಿ ಈ ಪದ್ಧತಿಯನ್ನು ಹಮ್ರಿಯಾದಲ್ಲಿ ಗ್ಯಾಸ್ ಸಿಲಿಂಡರ್ ತರುವವನ ತನಕ ನಡೆಸಿಕೊಂಡು ಬಂದವಳು.

ಕಾರನ್ನು ಹಳ್ಳದ ಮೇಲಿನ ದಾರಿಯಲ್ಲಿ ಬಿಟ್ಟು ಕೆಳಗಿಳಿದೆವು. ನೀರಿನ ಪಕ್ಕ ಅವಳು ಸ್ಟೀಲ್ ತಟ್ಟೆಯಲ್ಲಿ ಬೆಲ್ಲ ಮುರಿದಿಟ್ಟು, ಚೊಂಬಿನಲ್ಲಿ ನೀರು ಕೊಟ್ಟಳು. ಮಂದೂಬ್ ಒಂದು ತುಂಡು ಬಾಯಿಗೆ ಹಾಕಿಕೊಂಡು, "ವಲ್ಲಾ! ಇದನ್ನು ಬಿಟ್ಟು ನೀವು ಜೇನು ಯಾಕೆ ಹುಡುಕ್ತೀರಿ?" ಎಂದ. ಆಮೇಲೆ ಅವನೂ ಭಾವನೂ ಬಿಸಿಲಿಗೆ ಎದುರಾಗಿ ಕಲ್ಲಿನ ಹಾಗೆ ಕೂತರು. ಹುಳಗಳು ಬಂದವು, ಹೋದವು. ಒಂದು ದೊಡ್ಡ ಬಂಡೆಯ ತನಕ ಕಾಣುತ್ತಿದ್ದವು, ಆಮೇಲೆ ಮಾಯ.

ನನ್ನಿಂದ ಕೂರಲಿಕ್ಕಾಗಲಿಲ್ಲ. ಎದ್ದೆ. ಕೈಗೆ ಏನಾದರೂ ಬೇಕಲ್ಲ, ಬೆಲ್ಲದ ತಟ್ಟೆ ಹಿಡಿದುಕೊಂಡು ಹಳ್ಳದ ಉದ್ದಕ್ಕೂ ತಿರುಗತೊಡಗಿದೆ. ತಟ್ಟೆಯಲ್ಲಿ ಒಂದು ಹುಳ ಕೂತಿತು. ಇನ್ನೊಂದು ಬಂತು. ತಿರುಗಿ ನೋಡುವಾಗ ಸಣ್ಣದೊಂದು ದಿಬ್ಬಣವೇ ನನ್ನ ಹಿಂದೆ ಹೊರಟಿತ್ತು.

"ಅಲ್ಲಾಡಬೇಡ!" ಎಂದು ಮಂದೂಬ್ ಕಿರುಚಿದ. ಅಷ್ಟರಲ್ಲಿ ನಾನು ಹಳ್ಳದಲ್ಲಿ ಬಹಳ ಕೆಳಗೆ ಹೋಗಿದ್ದೆ. ಬೆಲ್ಲ ತಿಂದ ಹುಳ ತಟ್ಟೆಯಿಂದ ಎದ್ದು, ಒಂದು ಸುತ್ತು ಹಾಕಿ, ಈಗ ಬೇರೆಯೇ ದಿಕ್ಕಿಗೆ ಹಾರಿತು.

ಭಾವ ಎದ್ದು ನಿಂತರು. "ನಿಲ್ಲಿ! ನೀರಿನ ಹತ್ತಿರದಿಂದ ಹೋದದ್ದು ಆಚೆಗೆ. ಅಲ್ಲಿಂದ ಹೋಗುವುದು ಈಚೆಗೆ. ಹಾಗಾದರೆ ಎರಡು ಗೆರೆ ಸೇರುವಲ್ಲಿ..."

ಮಂದೂಬ್ ನಮ್ಮಿಬ್ಬರ ಕಡೆಗೂ ನೋಡಿ, ಕೈಗಳನ್ನು ಎರಡು ದಿಕ್ಕಿಗೆ ಚಾಚಿ, ಮೆಲ್ಲ ಹತ್ತಿರ ತಂದ. ಬೆರಳುಗಳು ಸೇರಿದ್ದು ದೊಡ್ಡ ಬಂಡೆಯ ಹಿಂದೆ, ಕಾರು ನಿಲ್ಲಿಸಿದ ದಾರಿಯ ಕೆಳಗಿನ ಒಂದು ಬೋರೆ ಮರದ ಮೇಲೆ. "ಅಲ್ಲಾಡು!" ಎಂದು ಕೂಗಿದ. "ಇನ್ನೂ ಅಲ್ಲಾಡು, ಹಬೀಬಿ!"

ನನ್ನ ಜೀವಮಾನದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಕಣ್ಣು ತುಂಬಿ ಬಂತು. ಬೆಲ್ಲದ ಕೈಯಲ್ಲೇ ಒರೆಸಿಕೊಂಡೆ, ಹಾಗಾಗಿ ದಿಬ್ಬಣ ಮುಖದ ಕಡೆಗೆ ತಿರುಗಿತು.

ಮರ ಇದ್ದದ್ದು ಒಂದು ಕಲ್ಲಿನ ಕಟ್ಟೆಯ ಮೇಲೆ. ಹುಳಗಳ ಸಾಲು ಕಾಣುವುದು ಕೆಳಗಿನಿಂದ ಮಾತ್ರ; ಹಾಗಾಗಿ ಮಂದೂಬ್ ಮತ್ತು ಭಾವ ಕೆಳಗೇ ನಿಂತು ದಾರಿ ಹೇಳುವುದು, ಬೇಟೆಗಾರ ಮೇಲಿನ ದಾರಿಯಿಂದ ಇಳಿದು ಕೊಯ್ಯುವುದು ಎಂದಾಯಿತು. ಭಾವ ತಮ್ಮ ಮುಖಪರದೆಯನ್ನು ಪದಕ ಕೊಡುವ ಹಾಗೆ ಎರಡೂ ಕೈಯಲ್ಲಿ ನನಗೆ ಕೊಟ್ಟರು. ನಾನು, ಹೆಂಡತಿ ಕಾರಿನ ತನಕ ಹತ್ತಿದೆವು. ಹೆಂಗಸು, ಹುಳಕ್ಕೆ ಹೆದರಿಯಾಳು ಎಂದು ಅವಳನ್ನು ಕಾರಿನಲ್ಲಿ ಕೂರಿಸಿ, ಗಾಜು ಏರಿಸಿ, ಏಸಿ ಹಾಕಿ, ಜಾಕೆಟ್ ತೊಟ್ಟು, ಪರದೆ ಹಾಕಿ, ಸಣ್ಣ ಕತ್ತಿ ಹಿಡಿದು ನಾನೊಬ್ಬನೇ ಕಟ್ಟೆಗೆ ಇಳಿದೆ.

ಮುಳ್ಳಿನ ನಡುವೆ ಅಂಗೈಯಷ್ಟು ಎರಿ. ಅದರ ಮೇಲೆ ಹುಳಗಳು ಕಪ್ಪು ಶಾಲು ಹೊದಿಸಿದ ಹಾಗೆ. ಕೈ ನಡುಗಲಿಲ್ಲ. ಮೆಲ್ಲ ಒಂದು ಉಸಿರು ಬಿಟ್ಟಾಗ ಶಾಲು ತಾನೇ ಬದಿಗೆ ಸರಿಯಿತು. ಕೆಳಗಿನಿಂದ ಮಂದೂಬ್, "ಮೇಲಿನ ಭಾಗ ಮಾತ್ರ! ಕೆಳಗೆ ಮರಿಗಳಿವೆ, ಅದನ್ನು ವಾಪಸ್ ಕಟ್ಟು!" ಎಂದು ಕೂಗಿದ. ಜೇನಿದ್ದ ಮೇಲಿನ ಭಾಗ ಚೊಂಬಿಗೆ ಬಿತ್ತು. ಮರಿಗಳಿದ್ದ ಭಾಗವನ್ನು ಖರ್ಜೂರದ ಗರಿಯ ಸೀಳಿನಿಂದ ಅದೇ ಕೊಂಬೆಗೆ ಕಟ್ಟಿದ್ದಾಯಿತು. ಹುಳಗಳು ಬಂದು ಮತ್ತೆ ಶಾಲು ಹೊದಿಸಿದವು. ಇಷ್ಟು ಸೊಗಸಿನ ಕೈಕೆಲಸ ನಾನು ಬೇರೆ ಎಲ್ಲೂ ಕಂಡಿಲ್ಲ.

ಚೊಂಬು ಹಿಡಿದು ಕೆಳಗೆ ಬಂದಾಗ ಭಾವ ನನ್ನನ್ನು ಅಪ್ಪಿಕೊಂಡರು. "ಎಂತ ಧೈರ್ಯ ಭಾವ! ಒಂದು ಸಲವೂ ಅಲ್ಲಾಡಲಿಲ್ಲ ನೀವು. ಆದರೆ ಕೊಯ್ಯುವಾಗ ಎಂತದೋ ಕಿಣಿಕಿಣಿ ಕೇಳ್ತಾ ಇತ್ತಲ್ಲ?"

"ಕತ್ತಿ," ಎಂದೆ. "ಒಳ್ಳೆಯ ಕತ್ತಿ ಹಾಗೇ ಸದ್ದು ಮಾಡುವುದು."

ಪರೀಕ್ಷೆ

ಸಂಜೆ ಹಮ್ರಿಯಾದ ಫ್ಲಾಟಿನಲ್ಲಿ ವಿಡಿಯೋ ಕಾಲ್. ಆ ಕಡೆ ಇಡೀ ತವರುಮನೆ: ನಡುವೆ ಅತ್ತೆ, ಎಡಕ್ಕೆ ಡಾಕ್ಟರ್ ಷಡ್ಡಕ, ಬಲಕ್ಕೆ ಮ್ಯಾನೇಜರ್ ಷಡ್ಡಕ. ಈ ಕಡೆ ಸೋಸಿದ ಜೇನು ಅರ್ಧ ಲೋಟ, ಭಾವ, ನಾನು. ಹೆಂಡತಿ ಅಡುಗೆಮನೆಯಲ್ಲಿ.

ಭಾವ ಎದ್ದು ನಿಂತೇ ಸಾಕ್ಷಿ ಹೇಳಿದರು. "ನಾನು ಕಣ್ಣಾರೆ ಕಂಡಿದ್ದೇನೆ. ಭಾವ ಬೇಟೆಗಾರರೇ ಹೌದು. ಇನ್ನು ಯಾರೂ ತಮಾಷೆ ಮಾಡಬಾರದು." ಡಾಕ್ಟರನ ಮುಖ ಸಣ್ಣದಾಯಿತು. ಇಷ್ಟು ವರ್ಷದ ನನ್ನ ಸುಳ್ಳೆಲ್ಲ ಒಂದೇ ಏಟಿಗೆ ಸತ್ಯವಾಗಿ ಹೋಗುವುದನ್ನು ನಾನು ಕುರ್ಚಿಯ ತುದಿಯಲ್ಲಿ ಕೂತು, ಮೊಣಕಾಲು ಕುಣಿಸುತ್ತ ನೋಡಿದೆ.

"ಹೇಗುಂಟು ಹೇಳು, ಒರಿಜಿನಲ್ಲಾ?" ಎಂದರು ಅತ್ತೆ.

ಭಾವ ಬೆರಳು ಅದ್ದಿದರು. ನೆಕ್ಕಿದರು. ಕಣ್ಣು ಮುಚ್ಚಿದರು. ತೆರೆಯಲಿಲ್ಲ. ಮತ್ತೊಮ್ಮೆ ನೆಕ್ಕಿದರು. ನನ್ನ ಮೊಣಕಾಲು ತಾನಾಗಿ ನಿಂತಿತು. ಹುಟ್ಟಿದ ಮೇಲೆ ಅದು ನಿಂತದ್ದು ಅದೇ ಮೊದಲು.

"ಬೇಟೆ ಒರಿಜಿನಲ್," ಎಂದರು ಭಾವ ಮೆಲ್ಲಗೆ. "ಜೇನು ಮಾತ್ರ... ಬೇಜಾರು ಮಾಡ್ಬೇಡಿ ಭಾವ, ಇದರಲ್ಲಿ ಬೆಲ್ಲದ ವಾಸನೆ ಬರ್ತದೆ. ಪ್ರತಿ ವರ್ಷ ನೀವು ತರುವ ಜೇನಿನ ಹತ್ತಿರ ಇದು ನಿಲ್ಲಲಿಕ್ಕೇ ಇಲ್ಲ."

"ಹಾಗಾದರೆ ಇದು ಬೇಡ," ಎಂದರು ಅತ್ತೆ ಫೋನಿನ ಆಚೆಯಿಂದ. "ಬೇಟೆಗಾರ ಅಳಿಯ ಯಾವಾಗಲೂ ತರುವಂಥದ್ದನ್ನೇ ತರಲಿ."

ಭಾವ ನನ್ನ ಎರಡೂ ಕೈ ಹಿಡಿದುಕೊಂಡರು. "ಭಾವ, ಇವತ್ತು ಕರ್ಕೊಂಡು ಹೋದದ್ದು ನಿಮ್ಮ ನಿಜವಾದ ಜಾಗ ಅಲ್ಲ. ನನಗೆ ಗೊತ್ತಾಯ್ತು. ಬೇಟೆಗಾರರು ಗುಟ್ಟು ಬಿಟ್ಟುಕೊಡುವುದಿಲ್ಲ. ಆದರೆ ನಾಳೆ ಶನಿವಾರ, ನಿಮಗೂ ರಜೆ. ಆ ಇನ್ನೊಂದು ಜಾಗ ತೋರಿಸಲೇಬೇಕು. ಆ ಚಿರತೆ ಇರುವ ಜಾಗ."

ಅಡುಗೆಮನೆಯಿಂದ ಹೆಂಡತಿಯ ಸ್ವರ ಬಂತು.

"ಅಲ್ಲಿ ಚಿರತೆ ಇಲ್ಲ ಅಣ್ಣ. ಪಾರ್ಕಿಂಗ್ ಇಲ್ಲ."

ಭಾವ ಬಿಡಲಿಲ್ಲ. "ತೊಂದರೆ ಇಲ್ಲ. ಕಾರು ದೂರ ಬಿಟ್ಟು ನಡೆದೇ ಹೋಗುವಾ. ಬೇಟೆ ಅಂದ ಮೇಲೆ ನಡೆಯದೆ ಆಗ್ತದಾ?"

ಆ ಕಡೆ ಡಾಕ್ಟರ್ ಷಡ್ಡಕ ಕೂಡ, "ನಡೀಲೇಬೇಕು, ನಡೀಲೇಬೇಕು," ಎಂದ. ಮರುದಿನ ನಾವು ಕಾರು ದೂರ ಬಿಟ್ಟು ನಡೆದೇ ಹೋದೆವು. ಮತ್ರಾದ ಲೋಬಾನದ ಅಂಗಡಿ ಹತ್ತಿರವಾದಾಗ, ಇಲ್ಲಿಂದ ಮುಂದೆ ಬೇಟೆಗಾರ ಒಬ್ಬನೇ ಹೋಗುವುದು ರಿವಾಜು ಎಂದು ಹೇಳಿ ಭಾವನನ್ನು ಸಮುದ್ರ ನೋಡಲಿಕ್ಕೆ ಕೂರಿಸಿ, ಬಾಟಲಿಯೊಂದಿಗೆ ಬೆವರು ಸುರಿಸುತ್ತ ಹಿಂದೆ ಬಂದೆ. ಈಗ ಊರಿಗೆ ಹೋದರೆ ಕೋಳಿಯ ಎರಡು ಕಾಲೂ ನನಗೇ.

ಇಷ್ಟೂ ಸತ್ಯ. ಒಂದೇ ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿ ಹೇಳಿದ್ದು, ರೆಸಿಡೆಂಟ್ ಕಾರ್ಡ್ ರಿನ್ಯೂಗೆ ಬಂದಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಆ ಕಲ್ಲಿನ ಕಟ್ಟೆಯ ಮೇಲೆ ಭಾವ ಕೆಳಗಿನಿಂದ ಕಂಡ ಜಾಕೆಟ್ ನನ್ನದೇ. ಅದರೊಳಗಿನ ಕೈಯಲ್ಲಿ ಬಳೆಗಳಿದ್ದವು. ನಾನು ಬಳೆ ಹಾಕುವುದಿಲ್ಲ. ನಾನು ಕಾರಿನಲ್ಲಿದ್ದೆ, ಗಾಜು ಏರಿಸಿಕೊಂಡು. ಏಸಿ ನೋಡಿಕೊಳ್ಳಲಿಕ್ಕೂ ಒಬ್ಬರು ಬೇಕಲ್ಲ, ಅದು ನನ್ನ ಡಿಪಾರ್ಟ್‌ಮೆಂಟ್.